ಮೊಬೈಲಿನ ‘ಕರೆನ್ಸಿ’ಗೆ ವಾಯಿದೆ ಏಕೆ?

ಮೊಬೈಲ್ ರೀಚಾರ್ಜ್ ಮಾಡಿಸುವುದಕ್ಕೆ ಕನ್ನಡ ನಾಡಿನಲ್ಲಿ ‘ಕರೆನ್ಸಿ ಹಾಕಿಸುವುದು’ ಎಂಬ ಮಾತು ಎಂದೋ ರೂಢಿಗೆ ಬಂದಿದೆ. ಕರೆನ್ಸಿ ಖಾಲಿಯಾಯಿತು, ಐವತ್ತು ರೂಪಾಯಿ ಕರೆನ್ಸಿ ಹಾಕಿ ಎಂಬ ಮಾತುಗಳು ಬಸ್ ನಿಲ್ದಾಣದ ಬಳಿಯ ಅಂಗಡಿಗಳಲ್ಲಿ ಈಗಲೂ ಕಿವಿಗೆ ಬೀಳುತ್ತವೆ. ದೂರವಾಣಿ ಸಂಸ್ಥೆಗಳ ದರಪಟ್ಟಿಯಲ್ಲಾಗಲೀ ಸರ್ಕಾರದ ನಿಯಮಾವಳಿಯಲ್ಲಾಗಲೀ ಈ ಅರ್ಥದಲ್ಲಿ ಆ ಪದ ಸಿಗದು. ಅದು ಜನರೇ ಇಟ್ಟ ಹೆಸರು. ಕೊಟ್ಟ ಹಣ ಫೋನಿನೊಳಗೆ ಹಣವಾಗಿಯೇ ಉಳಿದಿರುತ್ತದೆ, ಬೇಕಾದಾಗ ಬೇಕಾದಷ್ಟು ಖರ್ಚು ಮಾಡಬಹುದು ಎಂಬ ನಂಬಿಕೆ ಆ ಹೆಸರಿನಲ್ಲಿ ಅಡಗಿದೆ.

ಆದರೆ ಜೇಬಿನಲ್ಲಿರುವ ನೋಟಿಗೆ ತಿಂಗಳ ಗಡುವು ಇರುವುದಿಲ್ಲ. ಮೊಬೈಲಿನ ಕರೆನ್ಸಿಗೆ ಇದೆ. ಖಾತೆಯಲ್ಲಿ 80 ರೂಪಾಯಿ ಶಿಲ್ಕು ಇದ್ದರೂ ‘ನಿಮ್ಮ ಪ್ಯಾಕ್‌ನ ಅವಧಿ ಮುಗಿದಿದೆ’ ಎಂಬ ಧ್ವನಿ ಕೇಳಿಬಂದು ಕರೆ ಹೋಗದಿರುವ ಅನುಭವ ಬಹಳ ಮಂದಿಗೆ ಆಗಿರಬಹುದು. ಕೆಲವು ದಿನ ಕಳೆದರೆ ಹೊರಗಿನಿಂದ ಬರುವ ಕರೆಯೂ ನಿಲ್ಲುತ್ತದೆ. ಹಣವಿದೆ, ಆದರೆ ಅದು ನಡೆಯುವುದಿಲ್ಲ. ಅಂಗಡಿಯವನನ್ನು ಕೇಳಿದರೆ ‘ವ್ಯಾಲಿಡಿಟಿ ಇಲ್ಲ ಸಾರ್’ ಎಂದು ಎರಡೇ ಪದದಲ್ಲಿ ಮುಗಿಸುತ್ತಾನೆ. ಈ ವ್ಯಾಲಿಡಿಟಿ ಎಂಬುದು ಎಲ್ಲಿಂದ ಬಂತು, ಮುಂಗಡವಾಗಿ ಕೊಟ್ಟ ಹಣ ಯಾವ ಕ್ರಮದಲ್ಲಿ ಕರಗುತ್ತದೆ, ಉಳಿದದ್ದು ಏನಾಗುತ್ತದೆ ಎಂಬುದು ಪ್ರತಿ ತಿಂಗಳೂ ರೀಚಾರ್ಜ್ ಮಾಡಿಸುವವರೆಲ್ಲರೂ ತಿಳಿದಿರಬೇಕಾದ ಸಂಗತಿ.

ಒಂದು ಸಂಖ್ಯೆ, ಎರಡು ಖಾತೆ

ಪ್ರೀಪೇಯ್ಡ್ ಸಂಪರ್ಕದಲ್ಲಿ ಗ್ರಾಹಕರು ಕೊಳ್ಳುವುದು ಎರಡು ಬೇರೆ ಬೇರೆ ವಸ್ತುಗಳನ್ನು. ಒಂದು ಮೊತ್ತ, ಇನ್ನೊಂದು ಕಾಲ. ಮೊತ್ತವೆಂದರೆ ಮುಖ್ಯ ಖಾತೆಯಲ್ಲಿ ರೂಪಾಯಿ ಪೈಸೆಗಳ ಲೆಕ್ಕದಲ್ಲಿ ನಿಲ್ಲುವ ಶಿಲ್ಕು. ಕಾಲವೆಂದರೆ ಆ ಸಿಮ್ ಇಂತಿಷ್ಟು ದಿನ ಕೆಲಸ ಮಾಡಬಹುದು ಎಂದು ಸಂಸ್ಥೆ ನೀಡುವ ಅನುಮತಿ. ಶಿಲ್ಕು ಬೀರುವಿನೊಳಗಿನ ದುಡ್ಡು ಎಂದುಕೊಂಡರೆ ವ್ಯಾಲಿಡಿಟಿ ಆ ಬೀರುವಿನ ಕೀಲಿಕೈ. ಅವಧಿ ಮುಗಿದ ದಿನ ದುಡ್ಡು ಮಾಯವಾಗುವುದಿಲ್ಲ, ಕೀಲಿಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುತ್ತದೆ.

ಇದು ಮಾತಿನ ಚಮತ್ಕಾರವಲ್ಲ, ನಿಯಮದಲ್ಲಿಯೇ ಇರುವ ವ್ಯತ್ಯಾಸ. ಟ್ರಾಯ್ ಎಂದೇ ಪರಿಚಿತವಾಗಿರುವ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರ ಜನವರಿಯಲ್ಲಿ ಗ್ರಾಹಕ ಸಂರಕ್ಷಣಾ ನಿಯಮಾವಳಿಯನ್ನು ಹೊರಡಿಸಿ, ಪ್ರೀಪೇಯ್ಡ್ ವೋಚರುಗಳನ್ನು ಸ್ಪಷ್ಟವಾಗಿ ವಿಂಗಡಿಸಿತು. ದರಯೋಜನೆಗೆ ಸೇರಿಸುವ ಪ್ಲಾನ್ ವೋಚರಿಗೆ ಕೆಂಪು ಪಟ್ಟಿ, ಹಣ ತುಂಬುವ ಟಾಪ್‌ಅಪ್‌ಗೆ ಹಸಿರು ಪಟ್ಟಿ, ನಿರ್ದಿಷ್ಟ ದಿನಗಳ ರಿಯಾಯಿತಿ ಕೊಡುವ ವಿಶೇಷ ದರದ ವೋಚರಿಗೆ ಹಳದಿ ಪಟ್ಟಿ ಎಂದು ಬಣ್ಣವನ್ನೂ ಗೊತ್ತುಮಾಡಿತು. ಎಲ್ಲವನ್ನೂ ಬೆರೆಸಿದ ಕಾಂಬೋ ವೋಚರಿಗೆ ನೀಲಿ ಪಟ್ಟಿ ಬಂತು. ಈ ಪೈಕಿ ಟಾಪ್‌ಅಪ್‌ಗೆ ಹಾಕಿದ ಷರತ್ತು ಮುಖ್ಯವಾದುದು. ಅದರಲ್ಲಿ ರೂಪಾಯಿ ಮೌಲ್ಯ ಮಾತ್ರ ಇರಬೇಕು, ಬಳಕೆಗಾಗಲೀ ಅವಧಿಗಾಗಲೀ ನಿರ್ಬಂಧ ಇರಬಾರದು. ಹತ್ತು, ಇಪ್ಪತ್ತು, ಮೂವತ್ತು ಎಂಬ ಹತ್ತರ ಗುಣಕಗಳನ್ನು ಟಾಪ್‌ಅಪ್‌ಗೇ ಮೀಸಲಿಡಲಾಗಿತ್ತು. ಅಕ್ಷರ ಬಾರದವರೂ ಮೊತ್ತ ಮತ್ತು ಬಣ್ಣ ನೋಡಿ ತಾವೇನು ಕೊಳ್ಳುತ್ತಿದ್ದೇವೆಂದು ತಿಳಿಯಬಹುದಾಗಿದ್ದ ಏರ್ಪಾಡು ಅದು.

2024ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯಲ್ಲಿ ಬಣ್ಣದ ನಿಯಮವನ್ನೂ ಹತ್ತರ ಗುಣಕದ ಮೀಸಲಾತಿಯನ್ನೂ ಕೈಬಿಡಲಾಯಿತು. ಕಾಗದದ ಕಾರ್ಡುಗಳು ಅಷ್ಟರಲ್ಲಿ ಬಹುತೇಕ ಕಣ್ಮರೆಯಾಗಿದ್ದರಿಂದ ಬಣ್ಣಕ್ಕೆ ಅರ್ಥ ಉಳಿದಿರಲಿಲ್ಲ. ಹತ್ತು ರೂಪಾಯಿಯ ಒಂದು ಟಾಪ್‌ಅಪ್ ಮಾತ್ರ ಕಡ್ಡಾಯವಾಗಿ ಇರಲೇಬೇಕು ಎಂಬ ನಿಯಮ ಉಳಿಯಿತು.

ಆ ಹತ್ತು ರೂಪಾಯಿ ಕೊಟ್ಟರೆ ಖಾತೆಗೆ ಸೇರುವುದು 7 ರೂಪಾಯಿ 47 ಪೈಸೆ. ಇದರ ಲೆಕ್ಕ ಗೂಢವೇನಲ್ಲ. 2017ರ ಜುಲೈಯಿಂದ ದೂರಸಂಪರ್ಕ ಸೇವೆಗೆ ಶೇ 18 ಜಿಎಸ್‌ಟಿ ಇದೆ. ಹತ್ತು ರೂಪಾಯಿಯಲ್ಲಿ 1 ರೂಪಾಯಿ 53 ಪೈಸೆ ತೆರಿಗೆಗೆ ಹೋಗಿ 8 ರೂಪಾಯಿ 47 ಪೈಸೆ ಉಳಿಯುತ್ತದೆ. ಅದರಲ್ಲಿ ಸಂಸ್ಥೆಯ ಸಂಸ್ಕರಣಾ ಶುಲ್ಕವೆಂದು ಒಂದು ರೂಪಾಯಿ ಕಳೆಯಲಾಗುತ್ತದೆ. ನೂರು ರೂಪಾಯಿ ಹಾಕಿಸಿದರೆ ಶುಲ್ಕ ಮೂರೇ ರೂಪಾಯಿ, ಖಾತೆಗೆ ಸೇರುವುದು 81 ರೂಪಾಯಿ 75 ಪೈಸೆ. ಅಂದರೆ ಸಣ್ಣ ಮೊತ್ತ ಹಾಕಿಸುವವರು ಪ್ರತಿ ರೂಪಾಯಿಗೆ ಕೊಡುವ ಶುಲ್ಕ ಹೆಚ್ಚು. ಯುಗಾದಿ, ದೀಪಾವಳಿಗೆ ‘ಪೂರ್ಣ ಟಾಕ್‌ಟೈಮ್’ ಎಂಬ ಫಲಕ ಅಂಗಡಿಗಳ ಮುಂದೆ ತೂಗುತ್ತಿದ್ದ ಕಾಲವನ್ನು ಅನೇಕರು ಮರೆತಿರಲಾರರು. ಆ ದಿನ ಕಡಿತವಿರುತ್ತಿರಲಿಲ್ಲ. ಆದರೆ ಅದೇ ಹಬ್ಬದ ದಿನ ಕಿರುಸಂದೇಶದ ಪ್ಯಾಕ್ ಅನ್ವಯಿಸದೆ ಪ್ರತಿ ಶುಭಾಶಯಕ್ಕೂ ಪೂರ್ಣ ದರ ಬೀಳುತ್ತಿತ್ತು. ಕೊಂಡ ಪ್ಯಾಕು ಬೇಕಾದ ದಿನವೇ ರಜೆಯಲ್ಲಿರುತ್ತಿತ್ತು!

ಕರೆ ಹೋಗುವಾಗ ಒಳಗೆ ನಡೆಯುವುದೇನು

ಪ್ರೀಪೇಯ್ಡ್ ಸಿಮ್‌ನೊಳಗೆ ಹಣವಿರುವುದಿಲ್ಲ. ಹಣದ ಲೆಕ್ಕವೆಲ್ಲ ಸಂಸ್ಥೆಯ ಕಂಪ್ಯೂಟರಿನಲ್ಲಿರುತ್ತದೆ. ಗ್ರಾಹಕರು ಸಂಖ್ಯೆ ಒತ್ತಿದೊಡನೆ ದೂರವಾಣಿ ಜಾಲವು ಆ ಲೆಕ್ಕದ ಯಂತ್ರಕ್ಕೆ ಒಂದು ಪ್ರಶ್ನೆ ಕಳಿಸುತ್ತದೆ: ಈ ಖಾತೆಗೆ ಅವಧಿ ಇದೆಯೇ, ಇದ್ದರೆ ಈ ಕರೆಗೆ ಯಾವ ದರ, ಎಷ್ಟು ಹೊತ್ತು ಬಿಡಬಹುದು? ಅವಧಿ ಇಲ್ಲವೆಂದಾದರೆ ಶಿಲ್ಕು ಎಷ್ಟಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅವಧಿ ಇದ್ದರೆ ಯಂತ್ರವು ಒಂದು ಸಣ್ಣ ತುಂಡನ್ನು ಕಾಯ್ದಿರಿಸಿ ಅಷ್ಟು ಹೊತ್ತಿನ ಮಾತಿಗೆ ಅನುಮತಿ ಕೊಡುತ್ತದೆ. ಅದು ಮುಗಿಯುವ ಮುನ್ನ ಇನ್ನೊಂದು ತುಂಡು. ಕರೆ ಕಡಿದಾಗ ಕಾಯ್ದಿರಿಸಿ ಬಳಸದೆ ಉಳಿದದ್ದನ್ನು ಖಾತೆಗೆ ಹಿಂತಿರುಗಿಸುತ್ತದೆ. ಶಿಲ್ಕು ಮುಗಿದಾಗ ಮಾತಿನ ನಡುವೆಯೇ ಕರೆ ತುಂಡಾಗುವುದು ಇದೇ ಕಾರಣಕ್ಕೆ.

ಕಡಿತದ ಅಳತೆಗೆ ಪಲ್ಸ್ ಎಂದು ಹೆಸರು. ಪಲ್ಸ್ ಒಂದು ನಿಮಿಷದ್ದಾದರೆ 61 ಸೆಕೆಂಡು ಮಾತನಾಡಿದವರಿಗೆ ಎರಡು ನಿಮಿಷದ ದರ ಬೀಳುತ್ತದೆ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂಬ ದರದೊಡನೆ ಮಾರುಕಟ್ಟೆಗಿಳಿದಾಗ ಉಳಿದ ಸಂಸ್ಥೆಗಳೂ ಅದೇ ದಾರಿ ಹಿಡಿಯಬೇಕಾಯಿತು.

ಖಾತೆಯಲ್ಲಿ ಹಲವು ಬಗೆಯ ಸೌಲಭ್ಯಗಳು ಒಟ್ಟಿಗಿರುವಾಗ ಮೊದಲು ಕರಗುವುದು ಪ್ಯಾಕ್‌ನೊಳಗಿನ ಸೌಲಭ್ಯ. ಪ್ಯಾಕ್ ಒಳಗೊಳ್ಳದ ಬಳಕೆಗೆ ಮಾತ್ರ ಮುಖ್ಯ ಖಾತೆಗೆ ಕೈಹಾಕಲಾಗುತ್ತದೆ. ಅಮೆರಿಕದಲ್ಲಿರುವ ಮಗನಿಗೆ ನೇರವಾಗಿ ಕರೆ ಮಾಡಿದರೆ, ಟಿವಿ ಸ್ಪರ್ಧೆಗೆ ಮತ ಹಾಕಲು ಕಿರುಸಂದೇಶ ಕಳಿಸಿದರೆ, ದಿನದ ಸಂದೇಶಗಳ ಮಿತಿ ಮೀರಿದರೆ ಹಣ ಕಡಿತವಾಗುವುದು ಮುಖ್ಯ ಖಾತೆಯಿಂದ.

ಸಂದೇಶದ ಮಾತು ಬಂದಾಗ ಕನ್ನಡಿಗರು ಗಮನಿಸಬೇಕಾದ ಒಂದು ವಿಷಯವಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಕಿರುಸಂದೇಶಕ್ಕೆ 160 ಅಕ್ಷರಗಳ ಅವಕಾಶವಿದೆ. ಕನ್ನಡ ಲಿಪಿಯಲ್ಲಿ ಬರೆದರೆ ಸಾಮಾನ್ಯವಾಗಿ 70 ಮಾತ್ರ. ಕಾಗುಣಿತದ ಚಿಹ್ನೆ, ಒತ್ತಕ್ಷರಗಳೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಸೇರುವುದರಿಂದ ‘ಕ್ರಿ’ ಎಂಬ ಒಂದೇ ಅಕ್ಷರ ನಾಲ್ಕರ ಜಾಗ ತಿನ್ನುತ್ತದೆ. ಹೀಗಾಗಿ ನಾಲ್ಕು ಸಾಲಿನ ಕನ್ನಡ ಸಂದೇಶ ಎರಡು ಮೂರು ಸಂದೇಶಗಳಾಗಿ ಎಣಿಕೆಯಾಗುತ್ತದೆ. ತಾಯ್ನುಡಿಯಲ್ಲಿ ಬರೆದವರ ಮಿತಿಯೇ ಬೇಗ ಮುಗಿಯುವಂತಾದದ್ದು ತಾಂತ್ರಿಕ ಕಾರಣದಿಂದಲೇ ಆದರೂ ನ್ಯಾಯವೆನಿಸುವುದಿಲ್ಲ.

ಗೊತ್ತಿಲ್ಲದೆ ಶಿಲ್ಕು ಕರಗುವ ಇನ್ನೊಂದು ದಾರಿ ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರು ಮುಂತಾದ ಮೌಲ್ಯವರ್ಧಿತ ಸೇವೆಗಳದು. ತಪ್ಪಿ ಒಂದು ಗುಂಡಿ ಒತ್ತಿದ್ದಕ್ಕೆ ತಿಂಗಳಿಗೆ ಮೂವತ್ತು ರೂಪಾಯಿ ಹೋಗುತ್ತಿತ್ತೆಂಬ ದೂರುಗಳು ವಿಪರೀತವಾದಾಗ, ಗ್ರಾಹಕರಿಂದ ಎರಡು ಬಾರಿ ಒಪ್ಪಿಗೆ ಪಡೆದೇ ಇಂಥ ಸೇವೆ ಆರಂಭಿಸಬೇಕೆಂದು ಟ್ರಾಯ್ 2013ರಲ್ಲಿ ನಿರ್ದೇಶಿಸಿತು. ಬೇಡವಾದ ಸೇವೆಯನ್ನು ನಿಲ್ಲಿಸಲು 155223 ಎಂಬ ಸಾಮಾನ್ಯ ಸಂಖ್ಯೆ ಇದೆ. ಹಣ ಹೋದದ್ದು ಎಲ್ಲಿಗೆಂದು ತಿಳಿಯದವರು ಹಿಂದಿನ ಆರು ತಿಂಗಳೊಳಗಿನ ಬಳಕೆಯ ವಿವರಪಟ್ಟಿಯನ್ನು ಕೇಳಿ ಪಡೆಯಬಹುದು. 2012ರ ನಿಯಮಾವಳಿಯಂತೆ ಇದಕ್ಕೆ 50 ರೂಪಾಯಿಗಿಂತ ಹೆಚ್ಚು ಶುಲ್ಕ ಕೇಳುವಂತಿಲ್ಲ. ಪ್ರೀಪೇಯ್ಡ್ ಗ್ರಾಹಕರಿಗೆ ಬಿಲ್ಲೇ ಇರುವುದಿಲ್ಲ ಎಂದು ಭಾವಿಸಿರುವವರಿಗೆ ಈ ಹಕ್ಕು ಹೊಸ ವಿಷಯವಾಗಿ ತೋರೀತು.

ಒಳಬರುವ ಕರೆಯ ಬೆಲೆ

ಮುಖ್ಯ ಪ್ರಶ್ನೆ ಹಾಗೆಯೇ ಉಳಿದಿದೆ. ಮೊತ್ತಕ್ಕೆ ಅವಧಿ ಇಲ್ಲವೆಂದು ನಿಯಮವೇ ಹೇಳುವಾಗ ಸಿಮ್‌ಗೆ ಏಕೆ ಅವಧಿ? ಇದಕ್ಕೆ ಉತ್ತರ ಬೇಕಾದರೆ ಒಳಬರುವ ಕರೆಯ ಇತಿಹಾಸವನ್ನು ಸ್ವಲ್ಪ ನೋಡಬೇಕು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಚಿವ ಸುಖ್‌ರಾಮ್ ಅವರೊಡನೆ ದೇಶದ ಮೊದಲ ಮೊಬೈಲ್ ಕರೆಯಲ್ಲಿ ಮಾತನಾಡಿದಾಗ, ಕರೆ ಮಾಡಿದವರೂ ಹಣ ಕೊಡಬೇಕಿತ್ತು, ಕರೆ ಸ್ವೀಕರಿಸಿದವರೂ ಕೊಡಬೇಕಿತ್ತು. ಕರ್ನಾಟಕದಲ್ಲಿ ಸ್ಪೈಸ್ ಸಂಸ್ಥೆಯ ಸಿಮ್ ಹಿಡಿದು ಓಡಾಡಿದ ಮೊದಲ ತಲೆಮಾರಿನವರು ಫೋನು ಗುಣುಗುಟ್ಟಿದಾಗ ಎತ್ತಲೋ ಬೇಡವೋ ಎಂದು ಯೋಚಿಸಿದ್ದುಂಟು. 2003ರ ಮೇ 1ರಿಂದ ಕರೆ ಮಾಡಿದವರೇ ಹಣ ಕೊಡುವ ಪದ್ಧತಿ ಜಾರಿಗೆ ಬಂದು ಒಳಬರುವ ಕರೆ ಉಚಿತವಾಯಿತು.

ಗ್ರಾಹಕರಿಗೆ ಉಚಿತವಾಯಿತೇ ಹೊರತು ಸಂಸ್ಥೆಗಳ ನಡುವೆ ಅಲ್ಲ. ಒಂದು ಸಂಸ್ಥೆಯ ಗ್ರಾಹಕರು ಮತ್ತೊಂದು ಸಂಸ್ಥೆಯ ಗ್ರಾಹಕರಿಗೆ ಕರೆ ಮಾಡಿದರೆ, ಕರೆ ಹೊರಟ ಸಂಸ್ಥೆ ಕರೆ ತಲುಪಿದ ಸಂಸ್ಥೆಗೆ ನಿಮಿಷಕ್ಕೆ ಇಷ್ಟು ಪೈಸೆ ಎಂದು ಅಂತರ್‌ಸಂಪರ್ಕ ಬಳಕೆ ಶುಲ್ಕ ಕೊಡಬೇಕಿತ್ತು. 2009ರಲ್ಲಿ ಅದು 20 ಪೈಸೆ ಆಯಿತು, 2015ರಲ್ಲಿ 14 ಪೈಸೆ. ಎಂದೂ ಹೊರಗೆ ಕರೆ ಮಾಡದೆ, ಬರೀ ಮಿಸ್ಡ್ ಕಾಲ್ ಕೊಟ್ಟು ಆಚೆಯವರಿಂದ ಕರೆ ಮಾಡಿಸಿಕೊಳ್ಳುತ್ತಿದ್ದ ಗ್ರಾಹಕರು ಸಂಸ್ಥೆಗೆ ಹೊರೆಯಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹಳ್ಳಿಯಲ್ಲಿ ಕುಳಿತು ಮಗನ ಕರೆಗೆ ಕಾಯುತ್ತಿದ್ದ ತಾಯಿ ತನಗರಿವಿಲ್ಲದಂತೆಯೇ ತನ್ನ ಸಂಸ್ಥೆಗೆ ನಿಮಿಷಕ್ಕಿಷ್ಟು ಪೈಸೆ ದುಡಿದುಕೊಡುತ್ತಿದ್ದಳು.

‘ಆಜೀವ’ ಯೋಜನೆಗಳು ಹುಟ್ಟಿದ್ದು ಈ ಲೆಕ್ಕಾಚಾರದ ಮೇಲೆಯೇ. 2005ರ ಡಿಸೆಂಬರ್‌ನಲ್ಲಿ 999 ರೂಪಾಯಿಯ ಲೈಫ್‌ಟೈಮ್ ಕಾರ್ಡುಗಳು ಮಾರುಕಟ್ಟೆಗೆ ಬಂದಾಗ ಜನ ಮುಗಿಬಿದ್ದು ಕೊಂಡರು. ಯಾರ ಜೀವಮಾನ, ಗ್ರಾಹಕರದೋ ಸಂಸ್ಥೆಯದೋ ಎಂಬ ತಮಾಷೆಯ ಪ್ರಶ್ನೆ ಆಗಲೇ ಎದ್ದಿತ್ತು. 2006ರ ಮಾರ್ಚ್‌ನಲ್ಲಿ ಟ್ರಾಯ್ ಕೊಟ್ಟ ಉತ್ತರ ಇದು: ಸಂಸ್ಥೆಗೆ ಸೇವೆ ನೀಡಲು ಪರವಾನಗಿ ಅಥವಾ ನವೀಕೃತ ಪರವಾನಗಿ ಇರುವ ತನಕ. ಆರು ತಿಂಗಳಿಗೊಮ್ಮೆಯಾದರೂ ಒಂದಿಷ್ಟು ರೀಚಾರ್ಜ್ ಮಾಡಿಸಬೇಕೆಂಬ ಷರತ್ತು ಸಣ್ಣಕ್ಷರದಲ್ಲಿರುತ್ತಿತ್ತು.

ನಂತರ ಎರಡು ಸಂಗತಿಗಳು ಈ ಲೆಕ್ಕವನ್ನು ತಲೆಕೆಳಗು ಮಾಡಿದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಮಾತಿಗೆ ದರವೇ ಇಲ್ಲವೆಂದಿತು. 2017ರ ಅಕ್ಟೋಬರ್ 1ರಿಂದ ಟ್ರಾಯ್ ಅಂತರ್‌ಸಂಪರ್ಕ ಶುಲ್ಕವನ್ನು 14 ಪೈಸೆಯಿಂದ 6 ಪೈಸೆಗೆ ಇಳಿಸಿತು. 2021ರ ಜನವರಿ 1ರಿಂದ ಅದು ಸೊನ್ನೆಯಾಯಿತು. ಕರೆ ಮಾಡುವವರಿಂದಲೂ ನಿಮಿಷದ ಲೆಕ್ಕದಲ್ಲಿ ಹಣವಿಲ್ಲ, ಸ್ವೀಕರಿಸುವವರಿಂದಲೂ ಇಲ್ಲ. ಮಗನ ಕರೆಗೆ ಕಾಯುತ್ತಿದ್ದ ತಾಯಿ ಸಂಸ್ಥೆಯ ಪಟ್ಟಿಯಲ್ಲಿ ಆದಾಯ ತಾರದ ಗ್ರಾಹಕಳಾದಳು.

2018ರ ನವೆಂಬರ್ ವೇಳೆಗೆ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಸಂಸ್ಥೆಗಳು 28 ದಿನಕ್ಕೆ 35 ರೂಪಾಯಿಯ ಕನಿಷ್ಠ ರೀಚಾರ್ಜ್ ಕಡ್ಡಾಯವೆಂದು ಸಂದೇಶ ಕಳಿಸತೊಡಗಿದವು. ಆಜೀವ ಕಾರ್ಡು ಕೊಂಡವರಿಗೂ ಇದು ತಪ್ಪಲಿಲ್ಲ. ಖಾತೆಯಲ್ಲಿ ಸಾಕಷ್ಟು ಶಿಲ್ಕಿದ್ದವರ ಸೇವೆಯನ್ನೂ ನಿಲ್ಲಿಸಲಾಗುತ್ತಿದೆ ಎಂಬ ದೂರುಗಳು ಬಂದಾಗ ಟ್ರಾಯ್ ಮಧ್ಯೆ ಪ್ರವೇಶಿಸಿತು. ಅವಧಿ ಮುಗಿಯುವ ದಿನಾಂಕವನ್ನೂ, ಇರುವ ಶಿಲ್ಕಿನಿಂದಲೇ ಕನಿಷ್ಠ ಯೋಜನೆಯನ್ನು ಕೊಳ್ಳುವ ಅವಕಾಶವನ್ನೂ 72 ಗಂಟೆಗಳೊಳಗೆ ಗ್ರಾಹಕರಿಗೆ ತಿಳಿಸಬೇಕು, ಅಲ್ಲಿಯವರೆಗೆ ಅಷ್ಟು ಶಿಲ್ಕು ಇರುವವರ ಸೇವೆ ನಿಲ್ಲಿಸಬಾರದು ಎಂದು ಸೂಚಿಸಿತು. ಕನಿಷ್ಠ ರೀಚಾರ್ಜ್ ಪದ್ಧತಿಯನ್ನೇ ಅದು ಪ್ರಶ್ನಿಸಲಿಲ್ಲ. ಅಲ್ಲಿಂದೀಚೆಗೆ ಮೊಬೈಲ್ ವ್ಯಾಪಾರ ನಿಮಿಷಗಳನ್ನು ಮಾರುವುದನ್ನು ಬಿಟ್ಟು ದಿನಗಳನ್ನು ಮಾರುವ ವ್ಯಾಪಾರವಾಗಿದೆ. ಏರ್‌ಟೆಲ್‌ನ 28 ದಿನಗಳ ಆರಂಭಿಕ ಯೋಜನೆ 2021ರ ನವೆಂಬರ್‌ನಲ್ಲಿ 99 ರೂಪಾಯಿಗೂ, 2024ರ ಜುಲೈಯಲ್ಲಿ 199 ರೂಪಾಯಿಗೂ ಮುಟ್ಟಿತು. ಈ ಅವಧಿಯಲ್ಲಿ ಯೋಜನೆಯೊಳಗಿನ ಸೌಲಭ್ಯಗಳೂ ಹೆಚ್ಚಿದವು ಎಂಬುದು ನಿಜ. ಆದರೆ ಕರೆ ಸ್ವೀಕರಿಸುವುದಷ್ಟೇ ಸಾಕು ಎನ್ನುವವರಿಗೆ ಆ ಸೌಲಭ್ಯಗಳಿಂದ ಆಗುವ ಪ್ರಯೋಜನ ಏನೂ ಇಲ್ಲ.

ಸಂಸ್ಥೆಗಳ ವಾದವನ್ನೂ ತಳ್ಳಿಹಾಕುವಂತಿಲ್ಲ. ತರಂಗಾಂತರಕ್ಕೆ, ಗೋಪುರಗಳಿಗೆ, ವಿದ್ಯುತ್ತಿಗೆ ಅವು ಕೊಡುವ ಹಣ ಗ್ರಾಹಕರು ಮಾತನಾಡಿದರೂ ಆಡದಿದ್ದರೂ ಒಂದೇ. ಹತ್ತಂಕಿಯ ಸಂಖ್ಯೆಗಳೂ ಅಕ್ಷಯವಲ್ಲ. ಎರಡು ಸಿಮ್‌ನ ಫೋನಿನಲ್ಲಿ ಒಂದನ್ನು ಸುಮ್ಮನೆ ಇಟ್ಟುಕೊಂಡವರ ಖರ್ಚನ್ನು ಉಳಿದವರು ಏಕೆ ಹೊರಬೇಕೆಂಬ ಪ್ರಶ್ನೆಗೆ ಅರ್ಥವಿದೆ. ಹಾಗಿದ್ದರೆ ಅದನ್ನು ಸಂಪರ್ಕದ ಬಾಡಿಗೆ ಎಂದು ನೇರವಾಗಿ ಕರೆಯಬಹುದಿತ್ತು. ಸ್ಥಿರ ದೂರವಾಣಿಗೆ ಬಾಡಿಗೆ ಕಟ್ಟಿದ ನಮ್ಮ ಜನಕ್ಕೆ ಆ ಪದ ಹೊಸದಲ್ಲ. ರೀಚಾರ್ಜ್ ಎಂಬ ಹೆಸರಿನಲ್ಲಿ ಬಾಡಿಗೆ ವಸೂಲಿಯಾಗುವುದರಿಂದಲೇ ಗೊಂದಲ.

ವರ್ಷಕ್ಕೆ ಹದಿಮೂರು ತಿಂಗಳು

28 ದಿನಗಳ ಪ್ಯಾಕನ್ನು ಜನ ತಿಂಗಳ ಪ್ಯಾಕೆಂದೇ ಕರೆಯುತ್ತಾರೆ. 28ನ್ನು 13ರಿಂದ ಗುಣಿಸಿದರೆ 364. ಸಂಬಳ ವರ್ಷಕ್ಕೆ 12 ಬಾರಿ ಬಂದರೆ ರೀಚಾರ್ಜ್ 13 ಬಾರಿ. ಈ ಬಗ್ಗೆ ದೂರುಗಳು ಹೆಚ್ಚಿದ ನಂತರ 2022ರ ಜನವರಿ 27ರಂದು ಟ್ರಾಯ್ ಆದೇಶ ಹೊರಡಿಸಿತು. ಅದರಂತೆ ಪ್ರತಿ ಸಂಸ್ಥೆಯೂ 30 ದಿನಗಳ ಅವಧಿಯ ಯೋಜನೆಯನ್ನೂ ಪ್ರತಿ ತಿಂಗಳ ಅದೇ ದಿನಾಂಕದಂದು ನವೀಕರಿಸಬಹುದಾದ ಯೋಜನೆಯನ್ನೂ ಕನಿಷ್ಠ ಒಂದೊಂದಾದರೂ ಇಡಬೇಕು. ಇಟ್ಟಿವೆ. 28 ದಿನದವು ಹೋಗಿಲ್ಲ.

ದತ್ತಾಂಶದ ವಾಯಿದೆ ಇನ್ನೂ ಚಿಕ್ಕದು. ದಿನಕ್ಕೆ 1.5 ಜಿಬಿಯಂತೆ 28 ದಿನಕ್ಕೆ ಒಟ್ಟು 42 ಜಿಬಿ. ಸರಾಸರಿ ಒಂದು ಜಿಬಿ ಬಳಸುವವರ ಪಾಲಿಗೆ ಅದರಲ್ಲಿ 14 ಜಿಬಿ ಪ್ರತಿ ಮಧ್ಯರಾತ್ರಿ ಚೂರುಚೂರಾಗಿ ಮುಗಿದುಹೋಗುತ್ತದೆ. ಕೆಲವು ಯೋಜನೆಗಳಲ್ಲಿ ಮಾತ್ರ ಉಳಿಕೆಯನ್ನು ವಾರಾಂತ್ಯಕ್ಕೆ ಸಾಗಿಸುವ ಅವಕಾಶ ಕೊಟ್ಟದ್ದುಂಟು. ಮಿತಿ ಮೀರಿದವರಿಗೆ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಒಂದು ಎಂಬಿಯ ಫೋಟೋ ಬರಲು ಆಗ ಎರಡು ನಿಮಿಷ ಹಿಡಿಯುತ್ತದೆ. ದಿನದ ಮಿತಿ ಮುಗಿದಾಗ ಕೊಳ್ಳುವ ಹೆಚ್ಚುವರಿ ದತ್ತಾಂಶದ ವೋಚರುಗಳಲ್ಲಿ ಹಲವು ಮೂಲ ಯೋಜನೆ ಇರುವ ತನಕ ಮಾತ್ರ ನಡೆಯುತ್ತವೆ. ಅಂಥದ್ದನ್ನು ಮೂಲ ಯೋಜನೆಯ ಕೊನೆಯ ದಿನ ಕೊಂಡರೆ ಅದರ ಆಯುಸ್ಸೂ ಒಂದೇ ದಿನ.

2024ರ ಡಿಸೆಂಬರ್ ತಿದ್ದುಪಡಿಯಲ್ಲಿ ಗ್ರಾಹಕರಿಗೆ ನಿಜವಾಗಿ ದೊರೆತ ಲಾಭ ಬೇರೆಯದು. ಇಂಟರ್‌ನೆಟ್ ಬೇಡದವರಿಗಾಗಿ ಮಾತು ಮತ್ತು ಕಿರುಸಂದೇಶ ಮಾತ್ರವಿರುವ ವೋಚರನ್ನು ಪ್ರತಿ ಸಂಸ್ಥೆಯೂ ಕೊಡಲೇಬೇಕೆಂದು ಅದು ವಿಧಿಸಿತು. ವಿಶೇಷ ವೋಚರುಗಳ ಗರಿಷ್ಠ ಅವಧಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. 2025ರ ಜನವರಿಯಲ್ಲಿ ಇಂಥ ವೋಚರುಗಳು ಬಂದವು. ಗುಂಡಿ ಫೋನು ಬಳಸುವ ಹಿರಿಯರಿಗೆ ಇವು ಅನುಕೂಲ. ಅಂಗಡಿಯಲ್ಲಿ ಕೇಳದೆ ಯಾರೂ ತೋರಿಸುವುದಿಲ್ಲವಾದ್ದರಿಂದ ಮನೆಯ ಕಿರಿಯರೇ ವಿಚಾರಿಸಿ ಹಾಕಿಸಿಕೊಡುವುದು ಒಳಿತು.

ಉಳಿದ ಹಣ ಯಾರದು

ಮುಂಗಡವಾಗಿ ಪಡೆದ ಹಣ ಸಂಸ್ಥೆಯ ಲೆಕ್ಕಪತ್ರದಲ್ಲಿ ಕೂಡಲೇ ಆದಾಯವಾಗುವುದಿಲ್ಲ. ಸೇವೆ ಕೊಡುವ ತನಕ ಅದು ಸಂಸ್ಥೆಯ ಮೇಲಿನ ಹೊಣೆ, ಅಂದರೆ ಗ್ರಾಹಕರಿಗೆ ತೀರಿಸಬೇಕಾದ ಬಾಕಿ. ದಿನ ಕಳೆದಂತೆ, ಕರೆ ಹೋದಂತೆ ಅದು ಆದಾಯದ ಕಡೆಗೆ ಸರಿಯುತ್ತದೆ. ಪ್ಯಾಕ್‌ನ ಅವಧಿ ಮುಗಿದ ರಾತ್ರಿ ಬಳಸದೆ ಉಳಿದ ಸೌಲಭ್ಯದ ಹೊಣೆಯೂ ತೀರಿ ಆದಾಯದ ಸಾಲಿಗೆ ಸೇರುತ್ತದೆ. ಇದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ, ಎಲ್ಲ ದೇಶಗಳ ಲೆಕ್ಕಶಾಸ್ತ್ರವೂ ಒಪ್ಪಿರುವ ಕ್ರಮ. ಗ್ರಾಹಕರಲ್ಲಿ ಒಂದು ಪಾಲು ಜನ ಕೊಂಡದ್ದನ್ನು ಪೂರ್ತಿ ಬಳಸುವುದಿಲ್ಲ ಎಂಬ ಅಂದಾಜಿನ ಮೇಲೆಯೇ ಪ್ಯಾಕ್‌ನ ದರ ನಿಗದಿಯಾಗುತ್ತದೆ.

ಇದನ್ನು ಇನ್ನೊಂದು ಮುಂಗಡ ಹಣದೊಡನೆ ಹೋಲಿಸಿದರೆ ಅಂತರ ಎದ್ದುಕಾಣುತ್ತದೆ. ಮೊಬೈಲಿನಲ್ಲೇ ಇರುವ ಪಾವತಿ ವ್ಯಾಲೆಟ್, ಉಡುಗೊರೆ ಕಾರ್ಡು ಇತ್ಯಾದಿಗಳಿಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 27ರಂದು ಸಮಗ್ರ ನಿರ್ದೇಶನ ಹೊರಡಿಸಿತು. ಅದರ ಪ್ರಕಾರ ಹಣ ತುಂಬಿದ ದಿನದಿಂದ ಕನಿಷ್ಠ ಒಂದು ವರ್ಷ ವಾಯಿದೆ ಇರಬೇಕು. ವಾಯಿದೆ ಮುಗಿಯುವ ಮುನ್ನ 45 ದಿನಗಳ ಅವಧಿಯಲ್ಲಿ ಗ್ರಾಹಕರಿಗೆ ಎಚ್ಚರಿಕೆಯ ಸೂಚನೆ ಕೊಡಬೇಕು. ವಾಯಿದೆ ಮುಗಿದ ಮೇಲೂ ಕನಿಷ್ಠ ಮೂರು ವರ್ಷ ಆ ಹಣವನ್ನು ಬ್ಯಾಂಕೇತರ ಸಂಸ್ಥೆ ತನ್ನ ಲಾಭದ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ಗ್ರಾಹಕರು ಕೇಳಿಕೊಂಡು ಬಂದರೆ ಅವರ ಬ್ಯಾಂಕ್ ಖಾತೆಗೆ ಮರಳಿಸಬೇಕು.

ಒಂದೇ ಫೋನು, ಒಂದೇ ಬೆರಳು, ಒಂದೇ ನೂರು ರೂಪಾಯಿ. ವ್ಯಾಲೆಟ್‌ಗೆ ಹಾಕಿದರೆ ಅದು ಹಣ. ಸಿಮ್‌ಗೆ ಹಾಕಿದರೆ ಸೇವೆಯ ಖರೀದಿ. ಸಂಸ್ಥೆಯೊಂದು ತನ್ನದೇ ಸೇವೆಗಾಗಿ ಮಾತ್ರ ಪಡೆಯುವ ಮುಂಗಡವು ರಿಸರ್ವ್ ಬ್ಯಾಂಕಿನ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಒಂದು ಸಂಸ್ಥೆಯಿಂದ ಮತ್ತೊಂದಕ್ಕೆ ಸಂಖ್ಯೆಯನ್ನು ಕೊಂಡೊಯ್ಯುವವರ ಹಳೆಯ ಶಿಲ್ಕು ಅಲ್ಲಿಯೇ ಉಳಿದು ರದ್ದಾಗುತ್ತದೆ. ಈ ಬಗೆಯ ಮುಂಗಡ ಹೆದ್ದಾರಿಗೂ ಬಂದಿದೆ. 2025ರ ಆಗಸ್ಟ್ 15ರಂದು ಖಾಸಗಿ ಕಾರುಗಳಿಗೆ 3000 ರೂಪಾಯಿ ದರದಲ್ಲಿ ಆರಂಭವಾದ ಫಾಸ್ಟ್ಯಾಗ್ ವಾರ್ಷಿಕ ಪಾಸಿಗೆ 200 ಪ್ರಯಾಣ ಅಥವಾ ಒಂದು ವರ್ಷ, ಯಾವುದು ಮೊದಲೋ ಅದೇ ಗಡುವು.

ಸಂಖ್ಯೆಯೇ ಕೈತಪ್ಪಿದರೆ

ಉಳಿದ ಎಂಬತ್ತು ರೂಪಾಯಿ ಹೋದರೆ ಹೋಗಲಿ ಎನ್ನಬಹುದು. ಇಂದು ಅದಕ್ಕಿಂತ ದೊಡ್ಡ ನಷ್ಟ ಸಂಖ್ಯೆಯದು. ಬ್ಯಾಂಕ್ ಖಾತೆ, ಆಧಾರ್, ಪಿಂಚಣಿ, ಅಡುಗೆ ಅನಿಲ ಎಲ್ಲಕ್ಕೂ ಒಟಿಪಿ ಬರುವುದು ಆ ಹತ್ತಂಕಿಗೇ.

ಈ ವಿಷಯದಲ್ಲಿ 2013ರ ತಿದ್ದುಪಡಿಯೊಂದು ರಕ್ಷಣೆ ಒದಗಿಸಿದೆ. ಕರೆ, ಸಂದೇಶ, ದತ್ತಾಂಶ ಯಾವ ಬಳಕೆಯೂ ಇಲ್ಲದೆ 90 ದಿನ ಕಳೆಯುವ ತನಕ ಸಂಖ್ಯೆಯನ್ನು ನಿಷ್ಕ್ರಿಯಗೊಳಿಸುವಂತಿಲ್ಲ. ಆಗಲೂ ಮುಖ್ಯ ಖಾತೆಯಲ್ಲಿ 20 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಶಿಲ್ಕಿದ್ದರೆ ಸಂಖ್ಯೆಯನ್ನು ಕಿತ್ತುಕೊಳ್ಳದೆ, ಹೆಚ್ಚೆಂದರೆ ಆ 20 ರೂಪಾಯಿ ಕಳೆದು ಇನ್ನೂ 30 ದಿನ ಉಳಿಸಬೇಕು. ನಿಷ್ಕ್ರಿಯವಾದ ಮೇಲೂ ಹದಿನೈದು ದಿನಗಳ ರಿಯಾಯಿತಿ ಇದೆ. 2025ರ ಆರಂಭದಲ್ಲಿ ಈ ಹಳೆಯ ನಿಯಮವೇ ‘ಇಪ್ಪತ್ತು ರೂಪಾಯಿಗೆ ನಾಲ್ಕು ತಿಂಗಳು ಸಿಮ್ ಜೀವಂತ’ ಎಂಬ ಹೊಸ ಸುದ್ದಿಯಾಗಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಅದನ್ನು ನಂಬಿ ಕುಳಿತವರು ತಪ್ಪು ತಿಳಿದಂತಾಯಿತು. ನಿಯಮ ಕಾಪಾಡುವುದು ಸಂಖ್ಯೆಯನ್ನು ಮಾತ್ರ. ಅವಧಿ ಮುಗಿದ ಸಿಮ್‌ನಲ್ಲಿ ಕರೆ ಹೋಗುವುದಕ್ಕೂ ಒಟಿಪಿ ಬರುವುದಕ್ಕೂ ಅದು ಖಾತರಿ ಕೊಡುವುದಿಲ್ಲ.

ರದ್ದಾದ ಸಂಖ್ಯೆ ಮತ್ತೆ ಬೇರೆಯವರ ಕೈಸೇರುತ್ತದೆ. ಕನಿಷ್ಠ 90 ದಿನ ಕಳೆಯದೆ ಅದನ್ನು ಹೊಸಬರಿಗೆ ಕೊಡುವುದಿಲ್ಲವೆಂದು ಟ್ರಾಯ್ ಸುಪ್ರೀಂ ಕೋರ್ಟಿಗೆ ತಿಳಿಸಿದ್ದು, 2023ರ ನವೆಂಬರ್‌ನಲ್ಲಿ ನ್ಯಾಯಾಲಯ ಅದನ್ನು ಒಪ್ಪಿತು. ಹಳೆಯ ಸಂಖ್ಯೆಗೆ ಜೋಡಿಸಿದ ವಾಟ್ಸ್‌ಆ್ಯಪ್ ಖಾತೆ, ಮಾಹಿತಿಗಳನ್ನು ಅಳಿಸಿಕೊಳ್ಳುವ ಹೊಣೆ ಗ್ರಾಹಕರದೇ ಆಗುತ್ತದೆ. ಬ್ಯಾಂಕಿನಲ್ಲಿ ಸಂಖ್ಯೆ ಬದಲಿಸದಿದ್ದರೆ ಒಟಿಪಿ ಹೋಗುವುದು ಅಪರಿಚಿತರೊಬ್ಬರ ಫೋನಿಗೆ.

ಕನಿಷ್ಠ ಯೋಜನೆಯಲ್ಲಿ ಸಂದೇಶ ಕಳಿಸುವ ಸೌಲಭ್ಯವೇ ಇಲ್ಲದ್ದರಿಂದ, ಸಂಸ್ಥೆ ಬದಲಿಸಲು 1900ಕ್ಕೆ ಕಳಿಸಬೇಕಾದ ಸಂದೇಶವೂ ಹೋಗದೆ ಸಿಕ್ಕಿಹಾಕಿಕೊಂಡವರಿದ್ದರು. ಯಾವ ದರದ ವೋಚರ್ ಇದ್ದರೂ ಆ ಒಂದು ಸಂದೇಶಕ್ಕೆ ದಾರಿ ಬಿಡಬೇಕೆಂದು 2021ರ ಡಿಸೆಂಬರ್‌ನಲ್ಲಿ ಟ್ರಾಯ್ ನಿರ್ದೇಶಿಸಿತು.

ತಪ್ಪಾಗಿ ಹಣ ಕಡಿತವಾದರೆ ಮೊದಲು ಆಯಾ ಸಂಸ್ಥೆಯ ದೂರು ಕೇಂದ್ರವಾದ 198ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬೇಕು. ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಅದು 39 ದಿನಗಳಲ್ಲಿ ತೀರ್ಮಾನಿಸಬೇಕು. ವೈಯಕ್ತಿಕ ದೂರುಗಳನ್ನು ಟ್ರಾಯ್ ವಿಚಾರಿಸುವುದಿಲ್ಲ. 2009ರ ಸುಪ್ರೀಂ ಕೋರ್ಟ್ ತೀರ್ಪೊಂದರಿಂದಾಗಿ ದೂರವಾಣಿ ವ್ಯಾಜ್ಯಗಳಿಗೆ ಗ್ರಾಹಕ ನ್ಯಾಯಾಲಯದ ಬಾಗಿಲು ಮುಚ್ಚಿದೆ ಎಂಬ ಅಭಿಪ್ರಾಯ ಬಹುಕಾಲ ಇತ್ತು. 2022ರ ಫೆಬ್ರುವರಿ 16ರಂದು, ಗುಜರಾತಿನ ಗ್ರಾಹಕರೊಬ್ಬರು ಮೊಬೈಲ್ ಬಿಲ್ಲಿನ ಬಗ್ಗೆ ಹೂಡಿದ್ದ ಪ್ರಕರಣದಲ್ಲಿ, ಗ್ರಾಹಕ ವೇದಿಕೆಗಳಿಗೆ ಇಂಥ ದೂರು ವಿಚಾರಿಸುವ ಅಧಿಕಾರವಿದೆ ಎಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ. ರಾಜ್ಯದ ಗ್ರಾಹಕರು ತಮ್ಮ ಜಿಲ್ಲೆಯ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿಯೇ ದೂರು ದಾಖಲಿಸಬಹುದಾಗಿದೆ.